ಕಾಲು ಉಳುಕಿದೆ, ಆದರೂ ಮ್ಯಾಪ್ ಮಡಚಿಡಬೇಡಿ

ಸ್ವೀಡನ್ನಿನ ಉಪ್ಸಾಲಾ ಊರಿನ ದಕ್ಷಿಣಕ್ಕೆ ಲುನ್ಸೆನ್ ಅಂತ ಒಂದು ಕಾಡಿದೆ. ಹೇಳಿಕೊಳ್ಳುವಂಥ ಗುಡ್ಡವಿಲ್ಲ. ಬರೀ ಬಂಡೆ, ಪಾಚಿ, ಜೌಗು, ಪೈನ್ ಮರ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿ ನನ್ನ ಎಡಗಾಲು ಉಳುಕಿತು. ಕಣ್ಣು ಮ್ಯಾಪಿನ ಮೇಲಿತ್ತು, ಕಾಲು ಅದರ ಪಾಡಿಗೆ ಓಡುತ್ತಿತ್ತು. ಪಾಚಿ ಹೊದ್ದುಕೊಂಡಿದ್ದ ಎರಡು ಕಲ್ಲುಗಳ ಸಂದಿಗೆ ಪಾದ ಇಳಿದು ಒಳಕ್ಕೆ ಮಗುಚಿತು. ಚಟ್ ಅಂತ ಒಂದು ಸದ್ದು. ಆಮೇಲೆ ಮರಕ್ಕೆ ಒರಗಿ ನಿಂತು, ಕನ್ನಡದಲ್ಲಿ ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಆ ಕಲ್ಲಿಗೆ ಬೈದೆ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಓರಿಯಂಟಿಯರಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಕೈಯಲ್ಲಿ ಮ್ಯಾಪು, ಹೆಬ್ಬೆರಳಿಗೆ ದಿಕ್ಸೂಚಿ. ಕಾಡಿನಲ್ಲಿ ಅಲ್ಲಲ್ಲಿ ಕಿತ್ತಳೆ-ಬಿಳಿ ಬಣ್ಣದ ಬಟ್ಟೆ ಗುರುತು ನೇತುಹಾಕಿರುತ್ತಾರೆ. ಅದಕ್ಕೆ ಕಂಟ್ರೋಲ್ ಅನ್ನುತ್ತಾರೆ. ಕೊಟ್ಟ ಕ್ರಮದಲ್ಲೇ ಒಂದೊಂದನ್ನೂ ಹುಡುಕಬೇಕು. ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದು ನಿಮಗೆ ಬಿಟ್ಟದ್ದು. 1897ರಲ್ಲಿ ನಾರ್ವೆಯಲ್ಲಿ ಮೊದಲ ಸಾರ್ವಜನಿಕ ಸ್ಪರ್ಧೆ ನಡೆಯಿತು. 1919ರಲ್ಲಿ ಎರ್ನ್ಸ್ಟ್ ಕಿಲ್ಲಾಂಡರ್ ಅನ್ನುವವರು ಸ್ಟಾಕ್‌ಹೋಮ್ ಪಕ್ಕದ ನಾಕಾದಲ್ಲಿ ಸ್ಪರ್ಧೆ ಇಟ್ಟಾಗ 200ಕ್ಕೂ ಹೆಚ್ಚು ಜನ ಬಂದಿದ್ದರು. ಆಗಿನಿಂದ ಈ ದೇಶದಲ್ಲಿ ಇದು ಮನೆಮಂದಿಯೆಲ್ಲ ಆಡುವ ಆಟ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಕಾಡು ಹೊಸದಲ್ಲ, ಕಾಡಿನಲ್ಲಿ ಓಡುವುದು ಹೊಸದು. ನಮ್ಮೂರಲ್ಲಿ ಯಾರಾದರೂ ಕಾಡಿನಲ್ಲಿ ಓಡುತ್ತಿದ್ದರೆ ಹಿಂದೆ ಏನೋ ಅಟ್ಟಿಸಿಕೊಂಡು ಬರುತ್ತಿದೆ ಅಂತಲೇ ಅರ್ಥ.

ಈ ಆಟದಲ್ಲಿ ಕಾಲಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಉಳುಕು, ಹಿಮ್ಮಡಿ ನೋವು, ಮಂಡಿ ನೋವು. ಪ್ರತಿ ಸಲವೂ ತಿಂಗಳುಗಟ್ಟಲೆ ಮಂಚ ಹಿಡಿದರೆ ಆಟವೇ ಉಳಿಯುವುದಿಲ್ಲ. ಹಾಗಂತ ಹಲ್ಲು ಕಚ್ಚಿ ಓಡಿದರೆ ಕಾಲು ಉಳಿಯುವುದಿಲ್ಲ. ಏಳೆಂಟು ವರ್ಷದಲ್ಲಿ ನಾನು ಎರಡೂ ತಪ್ಪು ಮಾಡಿದ್ದೇನೆ. ಈಗ ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಬರೀ ಓಡುವವರಿಗೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲು: ಇದು ಸಣ್ಣ ಗಾಯವೇ ಅಂತ ನೋಡಿ

ಉಳುಕಿದ ತಕ್ಷಣ ನಿಂತುಬಿಡಿ. "ಇನ್ನೊಂದೇ ಕಂಟ್ರೋಲ್" ಅಂತ ಎಳೆಯಬೇಡಿ. ಎರಡು ನಿಮಿಷ ಉಸಿರು ತೆಗೆದುಕೊಂಡು ನಾಲ್ಕು ಹೆಜ್ಜೆ ಹಾಕಿ ನೋಡಿ. ಕುಂಟಿದರೂ ಪರವಾಗಿಲ್ಲ, ಕಾಲಿನ ಮೇಲೆ ಭಾರ ಬಿಡಲು ಆಗಬೇಕು. ಆಮೇಲೆ ಪಾದ ಕಾಲಿಗೆ ಸೇರುವ ಗಂಟನ್ನು, ಅಂದರೆ ಹರಡನ್ನು, ಬೆರಳಿನಿಂದ ಒತ್ತಿ. ಅದರ ಎರಡೂ ಬದಿಗೆ ಉಬ್ಬಿದ ಮೂಳೆ ಇರುತ್ತದಲ್ಲ, ಅದರ ಹಿಂಬದಿಯ ಅಂಚು ಮತ್ತು ತುದಿಯನ್ನು ಒತ್ತಿ. ಪಾದದ ಹೊರ ಅಂಚಿನಲ್ಲಿ ಕಿರುಬೆರಳಿಗೂ ಹಿಮ್ಮಡಿಗೂ ನಡುವೆ ಒಂದು ಮೂಳೆ ಉಬ್ಬು ಸಿಗುತ್ತದೆ, ಅದನ್ನು ಒತ್ತಿ. ಒಳ ಅಂಚಿನಲ್ಲಿ ಪಾದದ ಕಮಾನಿನ ಮೇಲಿರುವ ಮೂಳೆಯನ್ನೂ ಒತ್ತಿ. ಈ ಮೂಳೆಗಳನ್ನೇ ಒತ್ತಿದಾಗ ಜೀವ ಹೋಗುವಷ್ಟು ನೋವಾದರೆ, ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಕ್ಸ್‌ರೇ ಬೇಕು. ಇದು ನನ್ನ ಲೆಕ್ಕವಲ್ಲ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಹೇಳಿದ ನಿಯಮ, ಇವತ್ತಿಗೂ ಎಮರ್ಜೆನ್ಸಿ ವಾರ್ಡುಗಳಲ್ಲಿ ಇದನ್ನೇ ನೋಡುತ್ತಾರೆ. ಮೂಳೆ ಬಿಟ್ಟು ಅದರ ಮುಂದಿನ, ಕೆಳಗಿನ ಮೆತ್ತನೆ ಜಾಗದಲ್ಲಿ ಮಾತ್ರ ನೋವಿದ್ದರೆ ಸಾಮಾನ್ಯವಾಗಿ ಅದು ಉಳುಕು.

ಇನ್ನೂ ಕೆಲವನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬಾರದು. ರಾತ್ರಿ ಮಲಗಿದಾಗಲೂ ಬಿಡದ ನೋವು. ಕಾಲಿನ ಮುಂಭಾಗದ ಮೂಳೆಯಲ್ಲಿ ಒಂದೇ ಒಂದು ಚುಕ್ಕೆಯಷ್ಟು ಜಾಗದಲ್ಲಿ ನೋವು. ಮಂಡಿ ಸಿಕ್ಕಿಹಾಕಿಕೊಂಡ ಹಾಗಾಗುವುದು. ಒಂದು ಮೀನಖಂಡ ಮಾತ್ರ ಊದಿ ಬಿಸಿಯಾಗುವುದು. ಪಾದ ಜೋಮು ಹಿಡಿದು ಬಿಡದಿರುವುದು. ಇವಕ್ಕೆ ಈ ಲೇಖನ ಅಲ್ಲ, ಡಾಕ್ಟರು ಬೇಕು. ಸ್ವೀಡನ್ನಿನಲ್ಲಿರುವವರು 1177ಕ್ಕೆ ಫೋನ್ ಮಾಡಿದರೆ ನರ್ಸ್ ಒಬ್ಬರು ಕೇಳಿಸಿಕೊಂಡು ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.

ಸ್ಪರ್ಧೆಯ ನಡುವೆ ಬಿಟ್ಟು ಬರುವುದಾದರೆ ಒಂದು ಮಾತು. ಸೀದಾ ಕಾರು ಹತ್ತಿ ಮನೆಗೆ ಹೋಗಬೇಡಿ. ಫಿನಿಶ್‌ಗೆ ಹೋಗಿ ನಿಮ್ಮ ಚಿಪ್, ಅಂದರೆ ಯಾವ ಕಂಟ್ರೋಲ್ ಮುಟ್ಟಿದಿರಿ ಅಂತ ದಾಖಲಿಸುವ ಪುಟ್ಟ ಸಾಧನ, ಓದಿಸಿಯೇ ಹೊರಡಿ. ಇಲ್ಲದಿದ್ದರೆ ನೀವು ಇನ್ನೂ ಕಾಡಿನೊಳಗೇ ಇದ್ದೀರಿ ಅಂತ ಲೆಕ್ಕ. ನೀವು ಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗ ಹತ್ತು ಜನ ಹೆಡ್‌ಲ್ಯಾಂಪ್ ಕಟ್ಟಿಕೊಂಡು ನಿಮ್ಮನ್ನು ಹುಡುಕುತ್ತಿರುತ್ತಾರೆ.

ಮೊದಲ ಮೂರು ದಿನ: ಎಣ್ಣೆ ಬಾಟಲಿ ದೂರ ಇಡಿ

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಕೊಬ್ಬರಿ ಎಣ್ಣೆ ಬಿಸಿ ಮಾಡಿ ಚೆನ್ನಾಗಿ ನೀವ್ಕೊಳ್ಳೋ, ಬೆಳಿಗ್ಗೆಗೆ ಸರಿಹೋಗುತ್ತೆ" ಅಂದರು. ನಮ್ಮಲ್ಲಿ ಉಳುಕು ತೆಗೆಯುವವರು ಇದ್ದಾರೆ, ಎಳೆದು ಲಟಕ್ ಅನ್ನಿಸುತ್ತಾರೆ. ಮೊದಲ ಎರಡು ಮೂರು ದಿನ ಇದೆರಡೂ ಬೇಡ. ಒಳಗೆ ಹರಿದ ಎಳೆಗಳಿಂದ ಇನ್ನೂ ರಕ್ತ ಜಿನುಗುತ್ತಿರುತ್ತದೆ. ಬಿಸಿಯೂ ತಿಕ್ಕುವುದೂ ಬಾವನ್ನು ಜಾಸ್ತಿ ಮಾಡುತ್ತವೆ. ಮದ್ಯವೂ ಅಷ್ಟೇ. ವಾರ ಕಳೆದ ಮೇಲೆ ಅಮ್ಮನ ಎಣ್ಣೆ ಹಚ್ಚಿಕೊಂಡೆ, ಹಾಯಾಗಿತ್ತು. ಅದನ್ನೂ ಫೋನ್ ಮಾಡಿ ಹೇಳಿದೆ.

ಮಾಡಬೇಕಾದ್ದು ಸುಲಭ. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿ. ಬೆರಳು ತಣ್ಣಗಾಗಿ ನೀಲಿಗಟ್ಟುವಷ್ಟು ಬಿಗಿ ಬೇಡ. ಕೂತಾಗ ಎರಡು ದಿಂಬಿನ ಮೇಲೆ ಕಾಲಿಡಿ. ಐಸ್ ಇಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. 1978ರಲ್ಲಿ ಗೇಬ್ ಮರ್ಕಿನ್ ಅನ್ನುವ ಅಮೆರಿಕದ ವೈದ್ಯರು ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲೆತ್ತಿ ಇಡುವುದು ಅಂತ ನಾಲ್ಕು ಸೂತ್ರ ಹೇಳಿದ್ದರು. ದಶಕಗಳ ನಂತರ, ಐಸೂ ಪೂರ್ತಿ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡ ಮಾಡಬಹುದು ಅಂತ ಅವರೇ ಮಾತು ಬದಲಿಸಿದರು. ನಾನಂತೂ ನೋವು ತಡೆಯಲಾಗದಿದ್ದರೆ ಹತ್ತು ನಿಮಿಷ ಇಡುತ್ತೇನೆ, ಬಟ್ಟೆ ಸುತ್ತಿ. ಇಲ್ಲದಿದ್ದರೆ ಇಲ್ಲ.

ನೋವಿನ ಮಾತ್ರೆ ನುಂಗಿ ಓಡಲು ಹೋಗುವುದು ಮಾತ್ರ ಖಂಡಿತ ಬೇಡ. ಐಬುಪ್ರೊಫೆನ್ ಥರದ ಮಾತ್ರೆ ತಗೊಂಡು, ಬೆವರು ಸುರಿಸಿ, ನೀರು ಕಡಿಮೆ ಕುಡಿದರೆ ಕಿಡ್ನಿಗೆ ಪೆಟ್ಟು. ಅದಕ್ಕಿಂತ ಹೆಚ್ಚಾಗಿ, ಕಾಲು ಏನು ಹೇಳುತ್ತಿದೆ ಅಂತ ನಿಮಗೆ ಕೇಳಿಸುವುದೇ ಇಲ್ಲ.

ಎರಡನೇ ದಿನದಿಂದಲೇ ಪಾದ ಆಡಿಸಿ. ನಾನು ಸೋಫಾದಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುತ್ತೇನೆ. ಕನ್ನಡ ಅಕ್ಷರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಎಲ್ಲವೂ ಸುತ್ತಿ ಸುತ್ತಿ ಬರುತ್ತವೆ. 'ಋ' ಬರೆಯುವಾಗ ನೋವಾಗದಿದ್ದರೆ ನಡಿಗೆ ಶುರು ಮಾಡಬಹುದು ಅಂತ ನನ್ನದೊಂದು ಲೆಕ್ಕ.

ನೋವಿಗೆ ಅಂಕ ಕೊಡಿ, ತೀರ್ಪು ಮರುದಿನ ಬೆಳಿಗ್ಗೆಗೆ ಬಿಡಿ

ಇದೊಂದು ಕಲಿತರೆ ಉಳಿದದ್ದು ತಾನಾಗಿ ಬರುತ್ತದೆ. ಸ್ವಲ್ಪ ನೋವಿದ್ದಾಗ ಓಡಬಹುದಾ ಅನ್ನುವ ಪ್ರಶ್ನೆಗೆ ಓಡುವ ಹೊತ್ತಿನಲ್ಲಿ ಉತ್ತರ ಸಿಗುವುದಿಲ್ಲ. ಮೈ ಬಿಸಿಯಾದ ಮೇಲೆ ನೋವು ಮರೆಯಾಗುತ್ತದೆ, ನಾವು ಮೋಸ ಹೋಗುತ್ತೇವೆ.

ಸೊನ್ನೆಯಿಂದ 10ರವರೆಗೆ ಅಂಕ. ಸೊನ್ನೆ ಅಂದರೆ ಏನೂ ಇಲ್ಲ, 10 ಅಂದರೆ ಊಹಿಸಲಾರದ ನೋವು. ಗೋಥೆನ್‌ಬರ್ಗಿನ ಕಾರಿನ್ ಸಿಲ್ಬರ್ನಾಗೆಲ್ ಮತ್ತು ಅವರ ಜೊತೆಯವರು 2007ರಲ್ಲಿ ಅಕಿಲಿಸ್ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಸ್ನಾಯುರಜ್ಜು) ನೋವಿದ್ದವರ ಮೇಲೆ ಒಂದು ಅಧ್ಯಯನ ಮಾಡಿದರು. ಒಂದು ಗುಂಪಿಗೆ ಓಟ, ಜಿಗಿತ ಎಲ್ಲ ಆರು ವಾರ ನಿಲ್ಲಿಸಿದರು. ಇನ್ನೊಂದು ಗುಂಪಿಗೆ, ನೋವು 5 ದಾಟದ ಹಾಗೆ ನೋಡಿಕೊಂಡು ಓಡಿ ಅಂದರು. ಬೆಳಗಾಗುವ ಹೊತ್ತಿಗೆ ನೋವು ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು ಅನ್ನುವುದು ಷರತ್ತು. ಎರಡೂ ಗುಂಪಿನ ಕಾಲು ಸುಧಾರಿಸಿತು. ಓಡಿದವರಿಗೆ ಅದರಿಂದ ಹಿನ್ನಡೆಯೇನೂ ಆಗಲಿಲ್ಲ.

ನಾನು ಸ್ವಲ್ಪ ಹೆದರುವ ಜಾತಿ, 5ರ ಬದಲು 3ಕ್ಕೇ ನಿಲ್ಲಿಸುತ್ತೇನೆ. ನನ್ನ ಮನೆ ಎರಡನೇ ಮಹಡಿಯಲ್ಲಿದೆ. ಬೆಳಿಗ್ಗೆ ಎದ್ದು ಪೇಪರ್ ತರಲು ಇಳಿಯುವ ಮೊದಲ ಆರೇಳು ಮೆಟ್ಟಿಲೇ ನನ್ನ ಪರೀಕ್ಷೆ. ಫ್ರಿಜ್ ಮೇಲೆ ಅಂಟಿಸಿದ ಚೀಟಿಯಲ್ಲಿ ಹೀಗೆ ಬರೆದಿರುತ್ತೇನೆ:

ಮಂಗಳ, 25 ನಿಮಿಷ ಜೋರು ನಡಿಗೆ, ನೋವು 2. ಬುಧ ಬೆಳಿಗ್ಗೆ ಮೆಟ್ಟಿಲು, 1.
ಗುರು, 10 ಸಲ ಒಂದೊಂದು ನಿಮಿಷ ಓಟ, ನೋವು 2. ಶುಕ್ರ ಬೆಳಿಗ್ಗೆ, 4.

ಶುಕ್ರವಾರದ ಆ 4 ನೋಡಿದ ಮೇಲೆ ಶನಿವಾರ ಓಟವಿಲ್ಲ, ಸೈಕಲ್. ಸೋಮವಾರ ಮತ್ತೆ ಮಂಗಳವಾರದ ಲೆಕ್ಕಕ್ಕೆ ವಾಪಸ್. ಬೇಸರ ಮಾಡಿಕೊಳ್ಳುವುದಕ್ಕೇನೂ ಇಲ್ಲ, ಒಂದು ಮೆಟ್ಟಿಲು ಇಳಿದದ್ದು ಅಷ್ಟೇ. ಚೀಟಿ ಬರೆಯದಿದ್ದರೆ ಮಾತ್ರ ಗುರುವಾರದ 2 ಅಷ್ಟೇ ನೆನಪಿರುತ್ತದೆ, ಶುಕ್ರವಾರದ 4 ಮರೆತುಹೋಗುತ್ತದೆ. ನಮ್ಮ ಮನಸ್ಸು ಆ ವಿಷಯದಲ್ಲಿ ಮಹಾ ಜಾಣ.

ಎಲ್ಲಿ ನೋವೋ ಅದಕ್ಕೆ ತಕ್ಕ ಕೆಲಸ

ಹರಡು ಉಳುಕಿದವರಿಗೆ ಒಂಟಿ ಕಾಲಿನ ತಪಸ್ಸು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಾಧ್ಯತೆ ಹೆಚ್ಚು. ಎಳೆ ಕೂಡಿಕೊಂಡರೂ ಪಾದ ಎತ್ತ ವಾಲುತ್ತಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟುವುದು ತಡವಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ಎಡಗಾಲು, ರಾತ್ರಿ ಬಲಗಾಲು. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ. ಆಮೇಲೆ ಮಡಚಿದ ದಿಂಬಿನ ಮೇಲೆ. ನಾನು ಒಂಟಿ ಕಾಲಲ್ಲಿ ನಿಂತು ದೋಸೆ ಹೊಯ್ಯುತ್ತೇನೆ, ಹೆಂಡತಿಗೆ ನೋಡಿ ನೋಡಿ ಅಭ್ಯಾಸವಾಗಿದೆ. ಕಾಲು ಸರಿಯಾದ ಮೇಲೂ ಇದನ್ನು ಬಿಡಬೇಡಿ, ಎರಡು ಮೂರು ತಿಂಗಳಾದರೂ ನಡೆಯಲಿ.

ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಂದರೆ ಅಕಿಲಿಸ್, ಬೆಳಿಗ್ಗೆ ಎದ್ದಾಗ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರೆ ಮೆಟ್ಟಿಲೇ ಔಷಧಿ. ಇದರ ಹಿಂದೆ ಒಂದು ಮಜವಾದ ಕಥೆ ಇದೆ. ಉತ್ತರ ಸ್ವೀಡನ್ನಿನ ಉಮೆಓ ಊರಿನ ಹೋಕಾನ್ ಆಲ್ಫ್ರೆಡ್ಸನ್ ಮೂಳೆ ಡಾಕ್ಟರು, ಓಟಗಾರರೂ ಹೌದು. ಅವರಿಗೇ ಅಕಿಲಿಸ್ ನೋವು ಬಂತು. ಆಪರೇಷನ್ ಮಾಡಿ ಅಂದರೆ ಅವರ ಮೇಲಿನವರು ಒಪ್ಪಲಿಲ್ಲವಂತೆ. ಸರಿ, ಹರಿದೇ ಹೋಗಲಿ, ಆಗಲಾದರೂ ಮಾಡಲೇಬೇಕಲ್ಲ ಅಂತ ದಿನಾ ಆ ಕಾಲಿಗೇ ಭಾರ ಹಾಕತೊಡಗಿದರು. ಹರಿಯಲಿಲ್ಲ, ನೋವೇ ಹೋಯಿತು! 1998ರಲ್ಲಿ 15 ಓಟಗಾರರಿಗೆ ಅದನ್ನೇ ಮಾಡಿಸಿದರು. 12 ವಾರದಲ್ಲಿ ಎಲ್ಲರೂ ಮತ್ತೆ ಓಡಿದರು.

ಮಾಡುವುದು ಹೀಗೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಇಟ್ಟು ನಿಲ್ಲಿ. ಎರಡೂ ಕಾಲಲ್ಲಿ ಮೇಲೆದ್ದು, ನೋವಿರುವ ಒಂದೇ ಕಾಲಲ್ಲಿ ನಿಧಾನಕ್ಕೆ ಹಿಮ್ಮಡಿಯನ್ನು ಕೆಳಗಿಳಿಸಿ. 15 ಸಲ, ಮೂರು ಸುತ್ತು. ಮಂಡಿ ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಮಡಚಿ ಇನ್ನೊಮ್ಮೆ. ದಿನಕ್ಕೆ ಎರಡು ಹೊತ್ತು. ಲೆಕ್ಕ ಹಾಕಿದರೆ 180 ಆಗುತ್ತದೆ. ಹೌದು, ಬೋರು. ನಾನು ರೇಡಿಯೊ ಹಾಕಿಕೊಳ್ಳುತ್ತೇನೆ. ಸುಲಭವಾದ ಮೇಲೆ ಬೆನ್ನಿಗೆ ಬ್ಯಾಗ್ ಹಾಕಿ ಅದರಲ್ಲಿ ಅಕ್ಕಿ ಪೊಟ್ಟಣ ಇಡಿ. ನೋವು ಸ್ನಾಯುರಜ್ಜಿನ ನಡುವೆ ಇರದೆ ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲಿನಿಂದ ಕೆಳಕ್ಕೆ ಇಳಿಸಬೇಡಿ, ಸಮ ನೆಲದ ಮೇಲೆ ಮಾಡಿ. ಎಷ್ಟೋ ಜನ ಇದನ್ನು ಗಮನಿಸದೆ ನೋವು ಹೆಚ್ಚಿಸಿಕೊಳ್ಳುತ್ತಾರೆ.

ಅಂಗಾಲಿನ ನೋವಿಗೂ ಇದೇ ಉಪಾಯ, ಸ್ವಲ್ಪ ಬದಲಾವಣೆ. ಬೆಳಿಗ್ಗೆ ನೆಲಕ್ಕೆ ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದಲ್ಲ, ಅದೇ. ಕಾಲ್ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಒಂದು ಕಾಲಲ್ಲಿ ನಿಧಾನಕ್ಕೆ ಏಳುವುದು, ಇಳಿಯುವುದು. ದಿನ ಬಿಟ್ಟು ದಿನ ಸಾಕು. ಡೆನ್ಮಾರ್ಕಿನಲ್ಲಿ 2014ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಬರೀ ಅಂಗಾಲು ಎಳೆಯುವ ವ್ಯಾಯಾಮಕ್ಕಿಂತ ಮೂರು ತಿಂಗಳಲ್ಲಿ ಹೆಚ್ಚು ಫಲ ಕೊಟ್ಟಿತು.

ಮಂಡಿ ನೋವು ಇಳಿಜಾರಿನಲ್ಲಿ ಜಾಸ್ತಿಯಾಗುತ್ತಿದ್ದರೆ ಇಳಿಜಾರನ್ನೇ ಕೈಬಿಡಿ, ಹೆಜ್ಜೆ ಚಿಕ್ಕದು ಮಾಡಿ, ತೊಡೆ ಮತ್ತು ಸೊಂಟದ ಬಲಕ್ಕೆ ಗಮನ ಕೊಡಿ. ಕಾಲಿನ ಮುಂಭಾಗದ ಮೂಳೆಯ ಒಳ ಅಂಚು ಗೇಣುದ್ದಕ್ಕೆ ನೋಯುತ್ತಿದ್ದರೆ ಎರಡು ವಾರ ಓಟದ ಹೊರೆ ಅರ್ಧ ಮಾಡಿ. ಚುಕ್ಕೆಯಷ್ಟೇ ಜಾಗದ ನೋವು ಬೇರೆ, ಮೊದಲೇ ಹೇಳಿದೆನಲ್ಲ.

ಎದೆ ಬಡಿತ ಬೇಕು, ಪೆಟ್ಟು ಬೇಡ

ಹತ್ತು ದಿನ ಓಡದಿದ್ದರೆ ಗಳಿಸಿದ ದಮ್ಮು ಅಷ್ಟೇನೂ ಕರಗುವುದಿಲ್ಲ. ಅದಕ್ಕಿಂತ ಹೆಚ್ಚು ದಿನವಾದರೆ ಬೇರೆ ದಾರಿ ಹುಡುಕಬೇಕು. ಸೈಕಲ್ ಇದೆ. ಚಳಿಗಾಲದಲ್ಲಿ ಇಲ್ಲಿ ಸ್ಕೀ ಇದೆ. ನನಗೆ ಹೆಚ್ಚು ಒಗ್ಗಿದ್ದು ನೀರಿನೊಳಗಿನ ಓಟ. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿ, ಪಾದ ತಳಕ್ಕೆ ತಾಗದಷ್ಟು ಆಳದಲ್ಲಿ, ನೆಲದ ಮೇಲೆ ಓಡುವ ಹಾಗೆಯೇ ಕೈಕಾಲು ಆಡಿಸುವುದು. ದೂರ ಲೆಕ್ಕ ಹಾಕಬೇಡಿ, ಹೊತ್ತು ಲೆಕ್ಕ ಹಾಕಿ. ನೆಲದ ಮೇಲೆ ನಾಲ್ಕು ನಿಮಿಷದ ಜೋರು ಓಟ ಐದು ಸಲ ಇದ್ದರೆ ನೀರಿನಲ್ಲೂ ಅಷ್ಟೇ. ಮೊದಲ ದಿನ ನನ್ನ ಪಕ್ಕದ ಸಾಲಿನಲ್ಲಿ 80ರ ಹತ್ತಿರದ ಅಜ್ಜಿಯೊಬ್ಬರು ಅದೇ ಬೆಲ್ಟ್ ಕಟ್ಟಿಕೊಂಡು, ಗೆಳತಿಯ ಜೊತೆ ಹರಟೆ ಹೊಡೆಯುತ್ತಾ ನನ್ನನ್ನು ಎರಡು ಸಲ ದಾಟಿ ಹೋದರು. ಮರ್ಯಾದೆ ಹೋಯಿತು, ಮಂಡಿ ಉಳಿಯಿತು.

ಕಾಲಿಗೆ ರಜೆ ಕೊಟ್ಟು ತಲೆಗೆ ಕೆಲಸ ಕೊಡಿ

ಬರೀ ಓಡುವವರಿಗೆ ಇಲ್ಲದ ಭಾಗ್ಯ ನಮಗಿದೆ. ನಮ್ಮ ಆಟದ ಅರ್ಧ ತಲೆಯಲ್ಲಿದೆ. ಉಳುಕಿನ ವಾರ ಹೊತ್ತು ಹೋಗದೆ ಹಳೆಯ ಆರು ಸ್ಪರ್ಧೆಗಳ ಜಿಪಿಎಸ್ ಗೆರೆಗಳನ್ನು, ಅಂದರೆ ಓಡಿದ ದಾರಿಯ ಗುರುತುಗಳನ್ನು, ಲೈವ್‌ಲಾಕ್ಸ್ ಅನ್ನುವ ಜಾಲತಾಣದಲ್ಲಿ ತೆರೆದು ಕೂತೆ. ನನ್ನ ಗೆರೆ ಎಲ್ಲೆಲ್ಲಿ ಹಗ್ಗದ ಗಂಟಿನ ಹಾಗೆ ಸುತ್ತಿಕೊಂಡಿದೆಯೋ ಅಲ್ಲೆಲ್ಲ ಎಷ್ಟು ಹೊತ್ತು ಹೋಯಿತು ಅಂತ ಬರೆದೆ. 62 ನಿಮಿಷದ ಒಂದು ಓಟದಲ್ಲಿ 11 ನಿಮಿಷ ಸುಮ್ನೆ ಅಲೆದಾಡಿದ್ದೆ. ಅದರಲ್ಲಿ ಏಳು ನಿಮಿಷ ಕಂಟ್ರೋಲಿನ 100 ಮೀಟರ್ ಒಳಗೇ! ಅಷ್ಟು ಹೊತ್ತನ್ನು ಓಟದ ವೇಗದಿಂದ ಉಳಿಸಬೇಕೆಂದರೆ ನನಗೆ ಇನ್ನೊಂದು ಜನ್ಮ ಬೇಕು.

ಮೊದಲು ಇದನ್ನೇ ಮಾಡಿ. ನಿಮ್ಮ ತಪ್ಪುಗಳಿಗೆ ಹೆಸರಿಡಿ. ದಿಕ್ಕು ತಪ್ಪಿದ್ದು, ದೂರದ ಅಂದಾಜು ತಪ್ಪಿದ್ದು, ಒಂದು ಕಲ್ಲನ್ನು ಇನ್ನೊಂದು ಅಂತ ನಂಬಿದ್ದು, ಮುಂದಿನವರ ಹಿಂದೆ ಕುರಿಯ ಹಾಗೆ ಹೋದದ್ದು. ಯಾವುದು ಹೆಚ್ಚು ಸಲ ಬಂದಿದೆಯೋ ಆ ವಾರದ ಪಾಠ ಅದೇ.

ಸೈಕಲ್ ತುಳಿಯುತ್ತಾ ಮ್ಯಾಪ್ ಓದುವುದು ಇನ್ನೊಂದು. ಮನೆಯೊಳಗಿನ ಸೈಕಲ್ಲಿನ ಹ್ಯಾಂಡಲ್ ಮೇಲೆ ಹಳೆಯ ಮ್ಯಾಪ್ ಕ್ಲಿಪ್ ಮಾಡಿ. ಮೂರು ನಿಮಿಷ ದಮ್ಮು ಹತ್ತುವಷ್ಟು ತುಳಿಯಿರಿ. ಕೊನೆಯ ಹತ್ತು ಸೆಕೆಂಡ್ ಮಾತ್ರ ಮುಂದಿನ ಕಂಟ್ರೋಲಿನ ದಾರಿ ನೋಡಿ. ಮ್ಯಾಪ್ ಮಗುಚಿಟ್ಟು, ತುಳಿಯುತ್ತಲೇ ಬಾಯಿಬಿಟ್ಟು ಹೇಳಿ: "ಕಾಲುದಾರಿ ಹಿಡಿದು ಜೌಗಿನ ತುದಿವರೆಗೆ. ಅಲ್ಲಿಂದ ಈಶಾನ್ಯಕ್ಕೆ. ಎಡಕ್ಕೆ ಎರಡು ಸುತ್ತು ಗೆರೆಯ ಗುಡ್ಡ. ಅದರ ಹಿಂದೆ ಬಂಡೆ." ಎದೆ ಬಡಿಯುವಾಗ ತಲೆ ಎಷ್ಟು ಮಂಕಾಗುತ್ತದೆ ಅಂತ ಇಲ್ಲಿ ಗೊತ್ತಾಗುತ್ತದೆ. ಮೊದಲ ವಾರ ನನಗೆ ಎಡ ಬಲವೇ ಅದಲುಬದಲಾಗುತ್ತಿತ್ತು.

ಮೂರನೆಯದು ಕಂದು ಗೆರೆಗಳು. ಮ್ಯಾಪಿನಲ್ಲಿ ಬಿಳಿ ಅಂದರೆ ಬಯಲಲ್ಲ, ಸಲೀಸಾಗಿ ಓಡಬಹುದಾದ ಕಾಡು. ಹಸಿರು ದಟ್ಟವಾದಷ್ಟೂ ನುಗ್ಗುವುದು ಕಷ್ಟ. ಹಳದಿ ಬಯಲು, ನೀಲಿ ನೀರು, ಕಪ್ಪು ಕಲ್ಲು ಮತ್ತು ದಾರಿ. ಇವೆಲ್ಲ ಒಂದು ವಾರದಲ್ಲಿ ಬರುತ್ತವೆ. ನೆಲದ ಏರಿಳಿತ ತೋರಿಸುವ ಕಂದು ಗೆರೆ ಮಾತ್ರ ವರ್ಷಗಟ್ಟಲೆ ಕೈಕೊಡುತ್ತದೆ. 1:10000 ಮ್ಯಾಪಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 100 ಮೀಟರ್. ಗೆರೆಯಿಂದ ಗೆರೆಗೆ ಸಾಮಾನ್ಯವಾಗಿ 5 ಮೀಟರ್ ಎತ್ತರ. ಒಂದು ಕಾಲುದಾರಿ ಆರಿಸಿ, 20 ಸೆಕೆಂಡ್ ನೋಡಿ, ಮ್ಯಾಪ್ ಮುಚ್ಚಿ, ಬಿಳಿ ಹಾಳೆಯ ಮೇಲೆ ಕಂದು ಗೆರೆ ಮಾತ್ರ ಬರೆಯಿರಿ. ನನ್ನ ಮೊದಲ ಚಿತ್ರ ಉದ್ದಿನ ಹಪ್ಪಳದ ಹಾಗಿತ್ತು. ಮೂರು ವಾರದಲ್ಲಿ ಗುಡ್ಡ ಯಾವುದು, ತಗ್ಗು ಯಾವುದು ಅಂತ ಗೊತ್ತಾಗುವ ಮಟ್ಟಕ್ಕೆ ಬಂತು.

ನಡೆಯಲು ಬಂದ ಕೂಡಲೇ ಕ್ಲಬ್ಬಿಗೆ ಹೋಗಿ ಕಂಟ್ರೋಲ್ ಇಡುವ ಕೆಲಸ ಕೇಳಿ. ಆ ಕೆಲಸಕ್ಕೆ ಜನ ಸಿಗುವುದೇ ಕಷ್ಟ, ಕಾಫಿ ಕೊಟ್ಟು ಕರೆಯುತ್ತಾರೆ. ಬಂಡೆಯ ದಕ್ಷಿಣ ಬದಿ ಅಂದರೆ ದಕ್ಷಿಣ ಬದಿಯಲ್ಲೇ ಕಟ್ಟಬೇಕು. ತಪ್ಪಿದರೆ ನೂರು ಜನರ ಶಾಪ. ಆ ಭಯಕ್ಕೆ ಮ್ಯಾಪನ್ನು ಅಷ್ಟು ಗಮನ ಕೊಟ್ಟು ನಾನು ಮತ್ತೆಂದೂ ಓದಿಲ್ಲ. ಇನ್ನು ಸ್ವೀಡನ್ನಿನ ಹಲವು ಊರುಗಳಲ್ಲಿ 'ಹಿತ್ತಾ ಉತ್' ಅಂತ ಒಂದು ಏರ್ಪಾಡಿದೆ. ಪುಕ್ಕಟೆ ಮ್ಯಾಪ್ ತಗೊಂಡು, ತಿಂಗಳುಗಟ್ಟಲೆ ಅಲ್ಲೇ ಇರುವ ಗುರುತುಗಳನ್ನು ಬೇಕಾದಾಗ ಹುಡುಕಬಹುದು. ಹೊತ್ತಿನ ಗಡಿ ಇಲ್ಲ. ಕುಂಟುಕಾಲಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.

ಬೆಂಗಳೂರಿನಲ್ಲಿದ್ದರೆ ಲಾಲ್‌ಬಾಗ್ ಸಾಕು. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ಅದರ ನಕ್ಷೆ ಪ್ರಿಂಟ್ ತೆಗೆದು, ಹತ್ತು ಜಾಗಕ್ಕೆ ಸುತ್ತು ಹಾಕಿ, ಬೆಳಿಗ್ಗೆ ಆರಕ್ಕೆ ನಡೆದೆ. ಗಾಜಿನ ಮನೆ, ಕೆರೆಯ ಮೂಲೆ, ಬಂಡೆಯ ಮೇಲಿನ ಕೆಂಪೇಗೌಡ ಗೋಪುರ. ಎರಡು ಜಾಗದ ನಡುವೆ ಮ್ಯಾಪ್ ಜೇಬಿನಲ್ಲಿ, ಬರೀ ನೆನಪು. ಬೆಳಗಿನ ವಾಕಿಂಗಿಗೆ ಬಂದ ಹಿರಿಯರೊಬ್ಬರು "ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?" ಅಂತ ಕೇಳಿ, ಮುಂದಿನ ಎರಡು ಜಾಗ ನನ್ನ ಜೊತೆಗೇ ಹುಡುಕಿದರು.

ವಾಪಸ್ ಕಾಡಿಗೆ, ಒಂದೊಂದೇ ಬಾಗಿಲು ತೆಗೆದು

ಓಟ ಶುರು ಮಾಡುವ ಮೊದಲು ಮೂರು ಪರೀಕ್ಷೆ. ಅರ್ಧ ಗಂಟೆ ಜೋರಾಗಿ ನಡೆದಾಗ ನೋವು 2 ದಾಟಬಾರದು. ಒಂಟಿ ಕಾಲಲ್ಲಿ 20 ಸಲ ಹಿಮ್ಮಡಿ ಎತ್ತಲು ಬರಬೇಕು. ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಲು ಬರಬೇಕು, ಕುಂಟೆಬಿಲ್ಲೆ ಆಡಿದ ಹಾಗೆ. ಒಂದರಲ್ಲಿ ಫೇಲಾದರೂ ಇನ್ನೂ ನಾಲ್ಕು ದಿನ ತಡೆಯಿರಿ.

ಪಾಸಾದರೆ ಸಮ ನೆಲದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹತ್ತು ಸಲ. ಮರುದಿನ ಬಿಡುವು. ಮೆಟ್ಟಿಲು ಒಪ್ಪಿದರೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹೀಗೆ ಎರಡು ವಾರದಲ್ಲಿ ಬಿಡದೆ 20 ನಿಮಿಷಕ್ಕೆ ಬನ್ನಿ. ಹೊತ್ತು, ವೇಗ, ನೆಲ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮಣ್ಣುದಾರಿ ಆದ ಮೇಲೆ ಕಾಲುದಾರಿ, ಕಾಲುದಾರಿ ಆದ ಮೇಲೆ ಕಾಡು. ಕಲ್ಲಿನ ಇಳಿಜಾರು ಎಲ್ಲಕ್ಕಿಂತ ಕೊನೆಗೆ. ರಾತ್ರಿ ಓಟ ಇನ್ನೂ ಒಂದು ತಿಂಗಳು ಬೇಡ.

ಸ್ಪರ್ಧೆಗೆ ಹೋಗುವುದಾದರೆ ನಿಮ್ಮ ಮಾಮೂಲಿ ವರ್ಗ ಬಿಟ್ಟು ಚಿಕ್ಕ ಓಪನ್ ಕೋರ್ಸ್ ತಗೊಳ್ಳಿ. 1965ರಿಂದ ನಡೆಯುತ್ತಿರುವ ಓ-ರಿಂಗೆನ್‌ನಂಥ ಐದು ದಿನದ ದೊಡ್ಡ ಜಾತ್ರೆಯಲ್ಲೂ ಆ ದಿನವೇ ಹೆಸರು ಕೊಟ್ಟು ಓಡುವ ಕೋರ್ಸುಗಳಿರುತ್ತವೆ. ಸುತ್ತಾದರೂ ದಾರಿ ಹಿಡಿಯಿರಿ. ನೇರ ಕಾಡಿಗೆ ನುಗ್ಗುವ ಚಟ ಇದ್ದವರಿಗೆ ದಾರಿ ಆಯ್ಕೆಯ ಒಳ್ಳೆ ಅಭ್ಯಾಸ ಇದು. ಎಷ್ಟೋ ಸಲ ಸುತ್ತಿ ಬಂದವರೇ ಮೊದಲು ಮುಟ್ಟುತ್ತಾರೆ.

ಅಡಿಗೆ ಲೋಹದ ಮೊಳೆ ಇರುವ ಶೂ ಹಾಕಿ, ಒದ್ದೆ ಬಂಡೆ ಮತ್ತು ಬೇರಿನ ಮೇಲೆ ರಬ್ಬರ್ ನಂಬಬೇಡಿ. ಮೊದಲ ಎರಡು ತಿಂಗಳು ಹರಡಿಗೆ ಟೇಪ್ ಅಥವಾ ಲೇಸ್ ಇರುವ ಬ್ರೇಸ್ ಇರಲಿ. ಟೇಪ್ ಬೆವರಿಗೆ ಬೇಗ ಸಡಿಲವಾಗುತ್ತದೆ, ನನಗೆ ಬ್ರೇಸೇ ಇಷ್ಟ. ಪೂರ್ತಿ ಕಾಲು ಮುಚ್ಚುವ ಪ್ಯಾಂಟ್ ಹಾಕಿ. 1950ರ ದಶಕದ ಕೊನೆಯಿಂದ 60ರ ದಶಕದ ಮೊದಲ ವರ್ಷಗಳವರೆಗೆ ಸ್ವೀಡನ್ನಿನ ನೂರಾರು ಓರಿಯಂಟಿಯರಿಂಗ್ ಓಟಗಾರರಿಗೆ ಕಾಮಾಲೆ ಹರಡಿತ್ತು, ಮುಳ್ಳು ತರಚಿದ ಗಾಯಗಳ ಮೂಲಕ. ಕಾಲು ಮುಚ್ಚಿರಬೇಕು ಅನ್ನುವ ನಿಯಮ ಬಂದದ್ದು ಆಮೇಲೆ. ಈಗ ಅದಕ್ಕಿಂತ ರಕ್ತ ಹೀರುವ ಉಣ್ಣಿಯ ಕಾಟ ಜಾಸ್ತಿ. ಮನೆಗೆ ಬಂದು ಮಂಡಿಯ ಹಿಂದೆ, ತೊಡೆ ಸಂದಿಯಲ್ಲಿ ಹುಡುಕಿ ತೆಗೆಯಿರಿ.

ಕೊನೆಯದಾಗಿ, ಮ್ಯಾಪ್ ಓದುವಾಗ ನಿಲ್ಲಿ. ಓಡುತ್ತಾ ಓದುವುದು ಈ ಆಟದ ಹೆಮ್ಮೆಯ ವಿದ್ಯೆ, ನಿಜ. ಆದರೆ ನನ್ನ ಕಾಲು ಮಗುಚಿದ್ದು ಆಗಲೇ. ಮೊದಲ ಆರು ವಾರ ಮೂರು ಸೆಕೆಂಡ್ ನಿಂತು ಓದಿ, ಮ್ಯಾಪ್ ಇಳಿಸಿ, ತಲೆಯೆತ್ತಿ ಓಡಿ.

ನವೆಂಬರಿನಲ್ಲಿ ಮತ್ತೆ ಲುನ್ಸೆನ್‌ಗೆ ಹೋದೆ. ನಾಲ್ಕನೇ ಕಂಟ್ರೋಲಿನ ಹತ್ತಿರ ಅದೇ ಜೋಡಿ ಕಲ್ಲು ಸಿಕ್ಕಿತು, ಪಾಚಿಯ ಮೇಲೆ ಆಗಲೇ ತೆಳ್ಳಗೆ ಹಿಮ ಬಿದ್ದಿತ್ತು. ನಿಂತೆ, ಮ್ಯಾಪ್ ನೋಡಿದೆ, ಬಲಗಡೆಯಿಂದ ಸುತ್ತಿ ಹೋದೆ. ಹಿಂದಿನಿಂದ ಬಂದ ಹುಡುಗಿಯೊಬ್ಬಳು ಕಲ್ಲಿನ ಮೇಲೇ ಹಾರಿ ನನ್ನನ್ನು ದಾಟಿದಳು. ಮರುದಿನ ಬೆಳಿಗ್ಗೆ ಚೀಟಿಯಲ್ಲಿ ಬರೆದೆ: ಮೆಟ್ಟಿಲು, 1.